ಮಾವನ ಸೀಟು

ನಮ್ಮ ಮನೆಯ ವಾಷಿಂಗ್ ಮೆಷಿನ್ನಿಗೆ ಒಂದು ಚಟವಿತ್ತು. ಬಟ್ಟೆ ಒಗೆಯುವವರೆಗೆ ಸಾಧು ಪ್ರಾಣಿ. ಹಿಂಡಲು ಶುರು ಮಾಡಿತೆಂದರೆ ನಡೆಯುತ್ತಿತ್ತು. ಸುಮ್ಮನೆ ಅಲುಗಾಡುವುದಲ್ಲ, ನಿಜವಾಗಿ ನಡೆಯುವುದು. ಬಚ್ಚಲಿನ ಪಕ್ಕದ ಮೂಲೆಯಿಂದ ಹೊರಟು, ಗಡಗಡ ನಡುಗುತ್ತ, ಮೊದಲು ಒಂದು ಭುಜ ಮುಂದೆ ಹಾಕಿ, ಆಮೇಲೆ ಇನ್ನೊಂದು ಭುಜ ಮುಂದೆ ಹಾಕಿ, ನಡುಮನೆಯ ಬಾಗಿಲವರೆಗೆ ಬರುತ್ತಿತ್ತು. ನೀರಿನ ಪೈಪು ಹಿಡಿದೆಳೆಯದಿದ್ದರೆ ಬೀದಿಗೂ ಇಳಿಯುತ್ತಿತ್ತೇನೋ.

ಬೇರೆಯವರ ಮನೆಯಲ್ಲಾಗಿದ್ದರೆ ಮೊದಲ ವಾರವೇ ಹೋಗಿ ಅಂಗಡಿಯವನ ಕೊರಳಪಟ್ಟಿ ಹಿಡಿಯುತ್ತಿದ್ದರು. ಆದರೆ ನಾನು ಸೊಸೆಯಾಗಿ ಬಂದದ್ದು ಎಂಥ ಮನೆಗೆ ಎಂದು ಹೇಳಬೇಕು. ಇಲ್ಲಿ ಯಾವುದನ್ನೂ ರಿಪೇರಿ ಮಾಡಿಸುವುದಿಲ್ಲ, ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ. ಮುಂಬಾಗಿಲು ಹಾಕಬೇಕಾದರೆ ಸ್ವಲ್ಪ ಎತ್ತಿ ಮೊಣಕಾಲಿನಿಂದ ಗುದ್ದಬೇಕು. ಅಡುಗೆಮನೆಯ ನಲ್ಲಿಯನ್ನು ಉಲ್ಟಾ ತಿರುಗಿಸಬೇಕು. ನಡುಮನೆಯ ಗಡಿಯಾರ ಮುಂದೆ ಓಡುತ್ತದೆ, ಎಲ್ಲರೂ ಹೆಚ್ಚಿನ ನಿಮಿಷಗಳನ್ನು ಮನಸ್ಸಿನಲ್ಲೇ ಕಳೆಯುತ್ತಾರೆ. ಫ್ಯಾನಿನ ಸ್ವಿಚ್ ಹಾಕಿದ ಮೇಲೆ ರೆಕ್ಕೆಯನ್ನು ಕೋಲಿನಿಂದ ಒಮ್ಮೆ ತಳ್ಳಬೇಕು. ಆ ಕೋಲು ನೇತುಹಾಕುವುದಕ್ಕೆಂದೇ ಗೋಡೆಯಲ್ಲಿ ಒಂದು ಮೊಳೆ. ಮದುವೆಯಾದ ಹೊಸದರಲ್ಲಿ ಅತ್ತೆ ಇದನ್ನೆಲ್ಲ ಮನೆತನದ ಒಡವೆ ತೋರಿಸುವಷ್ಟು ಹೆಮ್ಮೆಯಿಂದ ನನಗೆ ಹೇಳಿಕೊಟ್ಟಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದು ತಿಂಗಳು ಕೂಗಾಡಿದೆ. ಈಗ ನಾನೂ ಬಾಗಿಲನ್ನು ಮೊಣಕಾಲಿನಿಂದಲೇ ಗುದ್ದುತ್ತೇನೆ.

ಹಾಗೆಯೇ ಮೆಷಿನ್ನಿಗೂ ಹೊಂದಿಕೊಂಡರು. ಅದಕ್ಕೆ ಉಪಾಯ ಕಂಡುಹಿಡಿದವರು ಮಾವ. ಒಂದು ದಿನ ಅದು ಹೊರಟು ಬರುತ್ತಿದ್ದಾಗ ಮರಳಿ ಮೂಲೆಗೆ ತಳ್ಳಿ, ಹತ್ತಿ ಅದರ ಮೇಲೆ ಕೂತುಬಿಟ್ಟರು.

ಮಾವ ಬಸ್ ಡ್ರೈವರ್ ಆಗಿದ್ದವರು. ಬಲಗಣ್ಣಿನ ಅಂಚಿನ ನೋಟ ಮಸುಕಾಗಿದೆ, ಇನ್ನು ಬಸ್ ಕೊಡಲಾಗುವುದಿಲ್ಲ ಎಂದು ಡಿಪೋದಲ್ಲಿ ಹೇಳಿದರು. ಆಫೀಸಿನಲ್ಲಿ ಕುರ್ಚಿ ಕೆಲಸ ಕೊಡುತ್ತೇವೆ ಎಂದದ್ದಕ್ಕೆ ಬೇಡವೆಂದು ಮನೆಗೆ ಬಂದರು. ಬಂದವರು ನಡುಮನೆಯ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು. ಟೀವಿ ಬೇಡ, ಪೇಪರ್ ಬೇಡ, ಮಾತು ಬೇಡ. ಉಂಡರೆ ಉಂಡರು, ಇಲ್ಲದಿದ್ದರೆ ಇಲ್ಲ. ನಮ್ಮ ಹಳೇ ಕಾರಿನಲ್ಲಿ ಎಲ್ಲಿಗಾದರೂ ಹೊರಟರೆ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುವರು. ಮುಂದೆ ಬನ್ನಿ ಎಂದು ನನ್ನ ಗಂಡ ಕರೆದಾಗ, "ಸ್ಟೇರಿಂಗ್ ಪಕ್ಕ ಕೂತು ಸುಮ್ನೆ ನೋಡ್ತಾ ಇರೋಕೆ ನನ್ನಿಂದ ಆಗಲ್ಲಪ್ಪ" ಎಂದಿದ್ದರು. ಆಮೇಲೆ ಯಾರೂ ಕರೆಯಲಿಲ್ಲ.

ಅಂಥವರು ಮೆಷಿನ್ನಿನ ಮೇಲೆ ಕೂತ ದಿನ ನಕ್ಕರು. ಎದುರಿನ ಗೋಡೆಗೆ ಎರಡೂ ಪಾದ ಒತ್ತಿ, ಅದು ಎಡಕ್ಕೆ ಎಳೆದರೆ ಮೈಯನ್ನು ಬಲಕ್ಕೆ ವಾಲಿಸಿ, ಬಲಕ್ಕೆ ಎಳೆದರೆ ಎಡಕ್ಕೆ ವಾಲಿಸಿ, ಅದನ್ನು ಜಾಗ ಬಿಟ್ಟು ಕದಲದಂತೆ ನಿಲ್ಲಿಸಿದರು. ಬರುಬರುತ್ತ ಮೆಷಿನ್ನಿಗೆ ಬಟ್ಟೆ ಹಾಕುವ ಹೊತ್ತಿಗೆ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಡ್ಯೂಟಿಗೆ ಹೋಗುವಾಗ ಕಟ್ಟುತ್ತಿದ್ದ ವಾಚಿಗೆ ಕೀ ಕೊಟ್ಟು ಕಟ್ಟಿಕೊಂಡು ಬರತೊಡಗಿದರು. ಅತ್ತೆ ಅಡುಗೆಮನೆಯಿಂದಲೇ ಬಸ್ಸಿನ ಕಂಡಕ್ಟರನ ಹಾಗೆ "ರೈಟ್" ಅನ್ನುವರು. ಮೆಷಿನ್ ನಿಲ್ಲುವಾಗ ಮಾವ "ಹೋಲ್ಡಾನ್" ಅನ್ನುವರು. ನನ್ನ ಮಗಳು ಹಳೇ ಪೇಪರು ಹರಿದು ಎಲ್ಲರಿಗೂ ಟಿಕೆಟ್ ಕೊಡುವಳು. ಮಾವನಿಗೆ ಊಟ ಸೇರತೊಡಗಿತು. ಕುರ್ಚಿ ತಾನಾಗಿಯೇ ಗೋಡೆ ಬಿಟ್ಟು ಈ ಕಡೆ ತಿರುಗಿತು. ಮನೆಯಲ್ಲಿ ಕೊಳೆ ಬಟ್ಟೆ ಸಾಲದೆ, ಅತ್ತೆ ಒಗೆದ ಚಾದರವನ್ನೇ ಮತ್ತೆ ಹಾಕುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನನ್ನ ಗೋಳು ಬೇರೆ. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರಿನ ಹಿಂದೆ ಕೂತು, ರಿಪೋರ್ಟ್ ತಡವಾಯಿತೆಂದು ಬೈಯುವವರ ಬೈಗುಳ ಕೇಳುವವಳು. ಅಲ್ಲಿ ಮನೆಮನೆಗೆ ಹೋಗಿ ರಕ್ತ ತೆಗೆದು ತರುವ ಕೆಲಸವೊಂದು ಖಾಲಿ ಬಿದ್ದಿತ್ತು. ಲ್ಯಾಬಿನದೇ ಪುಟ್ಟ ಕಾರು, ದಿನವಿಡೀ ಓಡಾಟ. ರಕ್ತ ತೆಗೆಯುವುದು ನನಗೆ ಚೆನ್ನಾಗಿ ಬರುತ್ತದೆ, ಕಾರು ಬಾರದು. ಕಲಿಯಲು ಡ್ರೈವಿಂಗ್ ಶಾಲೆಗೆ ಹೋಗಿದ್ದೆ. ಕಲಿಸುವವನು ನಾನು ಕ್ಲಚ್ಚಿನ ಮೇಲೆ ಕಾಲಿಡುವ ಮೊದಲೇ ಕಿರುಚುವನು, ಪಕ್ಕದಿಂದ ಕೈ ಚಾಚಿ ಸ್ಟೇರಿಂಗ್ ಎಳೆಯುವನು. ಅವನು ಎಳೆದಷ್ಟೂ ನಾನು ಕ್ಲಚ್ಚು ಬಿಟ್ಟು ಬ್ರೇಕು ಒತ್ತುವೆ. ಒಂದು ದಿನ ನಡುರಸ್ತೆಯಲ್ಲೇ ಕಾರು ನಿಲ್ಲಿಸಿ, ಅವನಿಗೆ ಬಾಯಿಗೆ ಬಂದ ಹಾಗೆ ಬೈದು, ನಡೆದುಕೊಂಡೇ ಮನೆ ಸೇರಿದೆ. ಕಲಿಯುವವರ ಲೈಸೆನ್ಸು ಮಾತ್ರ ಇನ್ನೂ ಕೈಚೀಲದಲ್ಲಿತ್ತು.

ಹೀಗಿರುವಾಗ ಮೆಷಿನ್ ಮಾವನನ್ನು ಕೆಡವಿತು. ದಪ್ಪ ಹೊದಿಕೆ ಹಾಕಿದ್ದ ದಿನ. ಧಡ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಮಾವ ನೆಲದ ಮೇಲೆ ಕೂತು ಮೊಣಕೈ ಹಿಡಿದುಕೊಂಡಿದ್ದಾರೆ, ಮೆಷಿನ್ ಅವರನ್ನು ದಾಟಿಕೊಂಡು ಬಾಗಿಲ ಕಡೆ ಹೊರಟಿದೆ. ಮೂಳೆಗೇನೂ ಆಗಿರಲಿಲ್ಲ, ಊದಿಕೊಂಡಿತ್ತು ಅಷ್ಟೆ. ನನ್ನ ಮೈ ಮಾತ್ರ ಉರಿದುಹೋಯಿತು.

"ಇದರ ವಾರಂಟಿ ಈ ತಿಂಗಳಿಗೆ ಮುಗಿಯುತ್ತೆ. ನಾಳೆನೇ ಕಂಪ್ಲೇಂಟ್ ಕೊಡ್ತೀನಿ," ಎಂದೆ.

"ಗಾಡಿದು ತಪ್ಪಿಲ್ಲಮ್ಮ, ನಂದೇ ಗಮನ ತಪ್ತು," ಎಂದರು ಮಾವ.

"ಇನ್ನು ಸ್ವಲ್ಪ ಹೊಂದ್ಕೊಂಡ್ರೆ ಆಯ್ತು," ಎಂದ ನನ್ನ ಗಂಡ. ಅವನ ಹಣೆಯ ಮೇಲೇ ಅದನ್ನು ಬರೆದು ಕಳಿಸಿದ್ದಾರೆ.

ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. ಅವರ ಕಣ್ಣು ತುಂಬಿತ್ತು. "ನೋಡೇ, ಅದು ಸರಿಹೋಗ್ಬಿಟ್ರೆ ಅವ್ರಿಗೆ ಅಲ್ಲೇನು ಕೆಲ್ಸ? ಮತ್ತೆ ಗೋಡೆ ನೋಡ್ಕೊಂಡು ಕೂರ್ತಾರೆ. ಆ ಮುಖ ಇನ್ನೊಂದ್ಸಲ ನೋಡೋ ಶಕ್ತಿ ನಂಗಿಲ್ಲ."

ನನಗೂ ಅದು ಗೊತ್ತಿತ್ತು. ಆದರೆ ಮಾವ ಬೀಳುವುದಕ್ಕಿಂತ ಗೋಡೆ ನೋಡುವುದೇ ವಾಸಿ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ ನನಗೇ ಆ ಮಾತು ಸರಿಬರಲಿಲ್ಲ.

ಕಂಪನಿಗೆ ಫೋನ್ ಮಾಡಿದರೆ ಮೊದಲು ಒಂದಿಷ್ಟು ಸಂಗೀತ, ಆಮೇಲೆ ಒಬ್ಬ ಹುಡುಗಿ.

"ಏನು ತೊಂದರೆ ಮೇಡಂ?"

"ಮೆಷಿನ್ ನಡೀತಾ ಇದೆ."

"ನಡೀತಾ ಇದ್ರೆ ಕಂಪ್ಲೇಂಟ್ ಯಾಕೆ ಮೇಡಂ?"

"ಕಾಲಲ್ಲಿ ನಡೀತಾ ಇದೆಯಮ್ಮ. ಬಚ್ಚಲಿಂದ ನಡುಮನೆಗೆ."

ಅವಳು ನಗು ತಡೆದುಕೊಂಡ ದನಿಯಲ್ಲಿ, ಮೆಕ್ಯಾನಿಕ್ಕನ್ನು ಕಳಿಸುತ್ತೇವೆ ಎಂದಳು.

ಮೆಕ್ಯಾನಿಕ್ ಬಂದ. ಬೆನ್ನಿಗೆ ಚೀಲ ಹಾಕಿಕೊಂಡ, ಮಾತು ಕಡಿಮೆಯ ಮನುಷ್ಯ. ನಾನು ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಅವನು ಅದೇ ದಪ್ಪ ಹೊದಿಕೆ ಹಾಕಿ ಸ್ಪಿನ್ನಿಗೆ ತಿರುಗಿಸಿದ. ಮೆಷಿನ್ ಒಂದು ಸಲ ಮುಲುಗಿತು. ಆಮೇಲೆ ಪಾಠ ಕೇಳುವ ಜಾಣ ಮಗುವಿನ ಹಾಗೆ ನಿಂತಲ್ಲೇ ನಿಂತುಬಿಟ್ಟಿತು. ನಾನು ಕಣ್ಣಲ್ಲೇ ಅದನ್ನು ಗದರಿಸಿದೆ. ಊಹೂಂ. ಕೊನೆಯವರೆಗೂ ಒಂದು ಹೆಜ್ಜೆ ಇಡಲಿಲ್ಲ.

"ಇದ್ರಲ್ಲಿ ಏನೂ ತೊಂದ್ರೆ ಕಾಣ್ತಾ ಇಲ್ಲ ಮೇಡಂ," ಎಂದ ಅವನು. "ಇನ್ನೊಂದ್ಸಲ ಬೇಕಾದ್ರೆ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಕಂಪ್ಲೇಂಟ್ ಕ್ಲೋಸ್ ಆಗುತ್ತೆ. ಆಮೇಲೆ ವಾರಂಟೀನೂ ಇರಲ್ಲ."

ಅವನು ಹೊರಡುವಾಗ ನನ್ನ ಮುಖ ನೋಡಿದ ರೀತಿ ಇದೆಯಲ್ಲ, ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಹಾಗೆ ನೋಡುತ್ತಾರೆ. ಬಾಗಿಲನ್ನು ಮೊಣಕಾಲಿನಿಂದ ಗುದ್ದಿ ಹಾಕಿ, ನೇರ ಮಾವನ ಮುಂದೆ ಹೋಗಿ ನಿಂತೆ. ಮನೆಯಲ್ಲಿ ಆ ಮೆಷಿನ್ ಕೆಟ್ಟಿರಲೆಂದು ಬಯಸುವವರು ಇನ್ಯಾರು?

"ಮಾವ, ಏನ್ ಮಾಡಿದ್ರಿ ನಿಜ ಹೇಳಿ."

"ನಾನು ಮುಟ್ಟಿಲ್ಲಮ್ಮ," ಎಂದರು.

ನಂಬದೆ ಹೋಗಿ ಮೆಷಿನ್ನನ್ನು ಮೂಲೆಯಿಂದ ಹೊರಗೆಳೆದೆ. ಹಿಂದುಗಡೆ, ಗೋಡೆಗೂ ಅದಕ್ಕೂ ನಡುವೆ, ಮಡಿಸಿ ತುರುಕಿದ ಹಳೇ ಕಾಲೊರಸು. ಹಿಂಗಾಲಿನ ಅಡಿಯಲ್ಲಿ ಅಳತೆಗೆ ಸರಿಯಾಗಿ ಕೆತ್ತಿದ ಮರದ ಚಕ್ಕೆ. ಇನ್ನೊಂದು ಕಾಲಿನ ಕೆಳಗೆ ಸಾಲಾಗಿ ಜೋಡಿಸಿದ ಸ್ಕೂಲಿನ ರಬ್ಬರುಗಳು.

"ಬಂದೋರ ಮುಂದೆ ಅದು ಹಾಗೆಲ್ಲ ಕುಣಿದ್ರೆ ಚೆನ್ನಾಗಿರುತ್ತಾ?" ಎಂದರು ಅತ್ತೆ, ಕಾಲೊರಸನ್ನು ನೋಡುತ್ತ.

"ಪಾಪ, ಅಷ್ಟು ದೂರದಿಂದ ಬಂದಿದಾನೆ, ನೆಲ ಎಲ್ಲ ಒದ್ದೆ ಆಗ್ಬಾರ್ದಲ್ಲ ಅಂತ," ಎಂದ ಗಂಡ. ಅವನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಳತೆ ಹಿಡಿದು ಕಾಗದ ಕತ್ತರಿಸುವವನು. ಚಕ್ಕೆಯ ಅಂಚನ್ನು ಮರಳುಕಾಗದದಿಂದ ಉಜ್ಜಿ ನುಣುಪು ಬೇರೆ ಮಾಡಿದ್ದ.

ಮಗಳು ರಬ್ಬರುಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡಳು.

ಒಬ್ಬರಿಗೊಬ್ಬರು ಹೇಳದೆ ಮೂವರೂ ಮಾಡಿದ್ದರು. ಸೋಫಾದ ಹರಿದ ಜಾಗವನ್ನು ದಿಂಬಿಟ್ಟು ಮುಚ್ಚುವಂತೆ ಮೆಷಿನ್ನಿನ ಮಾನ ಕಾಪಾಡಿದ್ದರು. ರಿಪೇರಿಗೆ ಬಂದವನಿಂದಲೇ ಕೆಟ್ಟದ್ದನ್ನು ಮುಚ್ಚಿಟ್ಟು ಮರ್ಯಾದೆ ಉಳಿಸಿಕೊಳ್ಳುವವರು ಈ ಭೂಮಿಯ ಮೇಲೆ ನಮ್ಮ ಮನೆಯವರು ಮಾತ್ರ. ಅಳಬೇಕೋ ನಗಬೇಕೋ ತಿಳಿಯದೆ ಅಲ್ಲೇ ಬಕೆಟ್ಟಿನ ಮೇಲೆ ಕೂತೆ.

ಮಾವ ಬಂದು ಬಾಗಿಲಿಗೆ ಒರಗಿದರು. ನಾನು ತಲೆ ಎತ್ತಲಿಲ್ಲ. ಅವರ ಮೇಲೆ ಅನುಮಾನಪಟ್ಟದ್ದಕ್ಕೆ ನಾಚಿಕೆಯಾಗಿತ್ತು.

"ಮುಟ್ಬೇಕು ಅನ್ನಿಸಿದ್ದು ಸುಳ್ಳಲ್ಲ," ಎಂದರು. "ಅದು ಹೋದ್ರೆ ನಂಗೇನು ಉಳಿಯುತ್ತೆ ಅಂತ ಯೋಚ್ನೆ ಮಾಡ್ದೆ. ಏನೂ ಉಳಿಯಲ್ಲ, ಗೊತ್ತು. ಆದ್ರೆ ನಾನು ಬಿದ್ದ ಮಾರನೇ ದಿನ ಮಗು ಅದರ ಮೇಲೆ ಹತ್ತಿ ಕೂರೋಕೆ ಹೋಗಿದ್ಲು. ನಾನು ಹಿಡ್ಕೊಂಡೆ. ಗಾಡಿ ಕೆಟ್ಟಿದೆ ಅಂತ ಗೊತ್ತಿದ್ದೂ ಡಿಪೋದಲ್ಲಿ ಹೇಳ್ದೆ ರಸ್ತೆಗೆ ತರೋನು ಡ್ರೈವರ್ ಅಲ್ಲಮ್ಮ. ಕರ್ಸು ಅವನ್ನ."

ಎರಡನೇ ಸಲ ಮೆಕ್ಯಾನಿಕ್ ಬರುವ ಮೊದಲು ನಾನು ಮೂಲೆಯನ್ನು ಗುಡಿಸಿ ಬರಿದು ಮಾಡಿದೆ. ಮನೆಯವರನ್ನೆಲ್ಲ ನಡುಮನೆಯಲ್ಲಿ ಸಾಲಾಗಿ ಕುರ್ಚಿಗಳಲ್ಲಿ ಕೂರಿಸಿದೆ. ಬಚ್ಚಲಿನ ಕಡೆಯ ಬಾಗಿಲಿಗೆ ಎದುರಾಗಿ ಮಾವ, ಪಕ್ಕದಲ್ಲಿ ಅತ್ತೆ, ಗಂಡ, ಮಗಳು.

"ಯಾರೂ ಏಳಬಾರ್ದು," ಎಂದೆ. "ಏನೇ ಆಗ್ಲಿ. ಇವತ್ತು ಯಾರಾದ್ರೂ ಹೊಂದ್ಕೊಂಡ್ರೆ ನಾನು ಸುಮ್ನಿರಲ್ಲ."

ಮೆಕ್ಯಾನಿಕ್ ಈ ಸಾಲನ್ನು ನೋಡಿ, ಹೊದಿಕೆ ಹಾಕಿ ಸ್ಪಿನ್ನಿಗೆ ತಿರುಗಿಸಿದ. ಮೊದಲು ಗೊರಗೊರ. ಆಮೇಲೆ ಗಡಗಡ. ಗಂಡನ ಕಾಲು ತಾನಾಗಿಯೇ ಏಳಲು ಹೊರಟಿತು. ಕಣ್ಣು ಬಿಟ್ಟು ಕೂರಿಸಿದೆ. ಅತ್ತೆ ಬೆರಳುಗಳನ್ನು ಹೆಣೆದುಕೊಂಡು ಹಿಸುಕುತ್ತಿದ್ದರು. ಮಗಳು ಜೇಬಿನೊಳಗೆ ರಬ್ಬರು ಹಿಡಿದುಕೊಂಡಿದ್ದಳು.

ಮೆಷಿನ್ ಒಂದು ಭುಜ ಮುಂದೆ ಹಾಕಿತು. ಮತ್ತೊಂದು ಭುಜ ಮುಂದೆ ಹಾಕಿತು. ಮೂಲೆ ಬಿಟ್ಟು, ಸದ್ದು ಮಾಡುತ್ತ, ನೆಲದ ಮೇಲೆ ನೀರು ತುಳುಕಿಸುತ್ತ, ನೇರವಾಗಿ ಮಾವನ ಕಡೆಗೇ ಹೊರಟಿತು. ಮೆಕ್ಯಾನಿಕ್ ಪಕ್ಕಕ್ಕೆ ಹಾರಿದ. ನಾನೇ ಹೋಗಿ ಹಿಡಿಯಬೇಕು ಅನ್ನಿಸಿತು.

ಆಗ ಮಾವನನ್ನು ನೋಡಿದೆ. ಆ ಮೆಷಿನ್ನನ್ನು ಹಿಡಿದು ನಿಲ್ಲಿಸುವುದು ಅವರೊಬ್ಬರಿಗೇ ಗೊತ್ತಿದ್ದದ್ದು. ಅವರು ಎರಡೂ ಅಂಗೈಗಳನ್ನು ಮೊಣಕಾಲುಗಳ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಕಣ್ಣು ಅದರ ಮೇಲೇ ಇತ್ತು. ಬೆರಳು ಕೂಡ ಅಲುಗಲಿಲ್ಲ. "ಬರ್ಲಿ," ಎಂದರು, ತಮಗೆ ತಾವೇ ಹೇಳಿಕೊಳ್ಳುವಷ್ಟು ಮೆಲ್ಲಗೆ. "ಬರ್ಲಿ. ಬರ್ಲಿ. ಜಾಗ ಇದೆ, ಬರ್ಲಿ." ಮೆಷಿನ್ ಬಾಗಿಲವರೆಗೆ ಬಂತು, ಪೈಪು ಬಿಗಿಯಾಯಿತು. "ಹೋಲ್ಡಾನ್," ಎಂದರು ಮಾವ. ಆ ದನಿಗೆ ಮೆಕ್ಯಾನಿಕ್ ಯೋಚನೆ ಕೂಡ ಮಾಡದೆ ಓಡಿ ಸ್ವಿಚ್ ಆರಿಸಿದ.

ಹಿಂದಿನ ತಗಡು ಬಿಚ್ಚಿ ನೋಡಿದಾಗ ಗೊತ್ತಾಯಿತು. ಮೆಷಿನ್ ಅದುರದಿರಲೆಂದು ಒಳಗೆ ಭಾರದ ಕಲ್ಲೊಂದನ್ನು ಕೂರಿಸಿರುತ್ತಾರಂತೆ. ನಮ್ಮದರಲ್ಲಿ ಅದು ಮೊದಲಿನಿಂದಲೇ ಸೀಳಿ ಎರಡಾಗಿತ್ತು.

"ಇದು ಕಂಪನಿದೇ ತಪ್ಪು. ಬೇರೆ ಮೆಷಿನ್ನೇ ಕೊಡ್ತಾರೆ," ಎಂದ ಅವನು, ಫೋಟೋ ತೆಗೆದುಕೊಳ್ಳುತ್ತ. "ಆದ್ರೆ ಇಷ್ಟು ದಿನ ಹೇಗೆ ಓಡ್ಸಿದ್ರಿ ಇದನ್ನ? ಚೂರುಚೂರಾಗಿ ಹೋಗ್ಬೇಕಿತ್ತು."

"ತಾತ ಮೇಲೆ ಕೂತ್ಕೊಳ್ತಾರೆ," ಎಂದಳು ಮಗಳು.

ಅವನು ಮಾವನನ್ನು ಮೇಲಿನಿಂದ ಕೆಳಗೆ ನೋಡಿದ. "ಹಾಗಾದ್ರೆ ಕಲ್ಲಿನ ಕೆಲ್ಸ ನೀವೇ ಮಾಡ್ತಿದ್ರಿ ಸಾರ್," ಎಂದ. ಎಲ್ಲರೂ ನಕ್ಕೆವು. ಮಾವನೂ ನಕ್ಕರು, ಆದರೆ ಎಲ್ಲರಿಗಿಂತ ಮೊದಲು ನಿಲ್ಲಿಸಿದರು.

ಹೊಸ ಮೆಷಿನ್ ಬಂತು. ಅದು ಹಿಂಡುವಾಗ ಪಕ್ಕದ ಕೋಣೆಗೆ ಕೂಡ ಕೇಳಿಸುವುದಿಲ್ಲ. ಮೊದಲ ದಿನ ಮಾವ ಇಸ್ತ್ರಿ ಶರ್ಟಿನಲ್ಲಿ ಬಂದು ಅದರ ನೆತ್ತಿಯ ಮೇಲೆ ಅಂಗೈ ಇಟ್ಟು ನಿಂತರು. ಅಂಗೈಗೆ ಏನೂ ತಾಗಲಿಲ್ಲವೆಂದು ಕಾಣುತ್ತದೆ. "ಒಳ್ಳೇ ಗಾಡಿ," ಎಂದರು. ವಾಚು ಬಿಚ್ಚಿ ಕಪಾಟಿನೊಳಗಿಟ್ಟರು. ನಡುಮನೆಗೆ ಹೋಗಿ ಕುರ್ಚಿಯ ಬೆನ್ನು ಹಿಡಿದು ಗೋಡೆಯ ಕಡೆಗೆ ತಿರುಗಿಸಿದರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಗೆದ್ದವಳು ನಾನು, ಕಂಪನಿಯಿಂದ ಹೊಸ ಮೆಷಿನ್ ತರಿಸಿದವಳು ನಾನು. ಆದರೂ ಆ ವಾರವೆಲ್ಲ ಮಾವನ ಬೆನ್ನು ನೋಡುತ್ತ ಓಡಾಡಿದೆ. ಲ್ಯಾಬಿನಲ್ಲಿ ಜನ ಬೈಯುತ್ತಿದ್ದರೆ ಕಿವಿಗೆ ಬೀಳುತ್ತಿರಲಿಲ್ಲ. ಕಣ್ಣ ಮುಂದೆ ಬರುತ್ತಿದ್ದದ್ದು ಒಂದೇ: ಅಷ್ಟು ಭಾರದ ಮೆಷಿನ್ ಮೈಮೇಲೆ ಬರುತ್ತಿದ್ದರೂ ಮೊಣಕಾಲು ಬಿಟ್ಟು ಕದಲದ ಎರಡು ಕೈ. ಕೌಂಟರಿನಲ್ಲಿ ಯಾರದೋ ರಿಪೋರ್ಟ್ ಹುಡುಕುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ನನಗೆ ಬೇಕಾಗಿದ್ದದ್ದು ಅದೇ ಕೈಗಳು.

ಅವತ್ತು ಮನೆಗೆ ಬಂದವಳು ಚೀಲ ಕೂಡ ಇಳಿಸದೆ ಮಾವನಿಗೂ ಗೋಡೆಗೂ ನಡುವೆ ಹೋಗಿ ನಿಂತೆ.

"ಮಾವ, ನಂಗೆ ಕಾರು ಕಲಿಸ್ಬೇಕು ನೀವು."

"ನನ್ನ ಕಣ್ಣು ಸರಿಯಿಲ್ಲ ತಾಯಿ."

"ಕಣ್ಣು ನನ್ನ ಹತ್ರ ಎರಡಿದೆ, ಚೆನ್ನಾಗೇ ಇದೆ. ನೀವು ಪಕ್ಕ ಕೂರಿ. ಕೈ ಮೊಣಕಾಲ ಮೇಲಿರ್ಲಿ. ಅವತ್ತು ಇಟ್ಕೊಂಡಿದ್ರಲ್ಲ, ಹಾಗೆ. ಅದು ಆ ಡ್ರೈವಿಂಗ್ ಶಾಲೆಯವನಿಗೆ ಬರ್ತಿರ್ಲಿಲ್ಲ."

ಮಾವ ಬಹಳ ಹೊತ್ತು ತಮ್ಮ ಅಂಗೈಗಳನ್ನೇ ನೋಡಿಕೊಂಡರು. ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಗಡ್ಡ ಬೋಳಿಸಿಕೊಂಡು, ವಾಚು ಕಟ್ಟಿಕೊಂಡು, ಕಾರಿನ ಹತ್ತಿರ ನಿಂತಿದ್ದರು.

ಗಂಡ ಕಾರನ್ನು ಬಟ್ಟೆ ಕಾರ್ಖಾನೆಯ ಹಿಂದಿನ ಖಾಲಿ ಮೈದಾನದವರೆಗೆ ತಂದುಕೊಟ್ಟು ಕೆಳಗಿಳಿದ. ದಾರಿಯುದ್ದಕ್ಕೂ ಹಿಂದೆ ಕೂತಿದ್ದ ಮಾವನೂ ಇಳಿದರು. ನಾನು ಸ್ಟೇರಿಂಗ್ ಮುಂದೆ ಕೂತು ಕಾದೆ. ಅಭ್ಯಾಸ ಬಲದಿಂದ ಅವರ ಕೈ ಮತ್ತೆ ಹಿಂದಿನ ಬಾಗಿಲಿಗೇ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಮುಂದಿನ ಬಾಗಿಲು ತೆರೆಯಿತು, ಸೀಟು ಕುಸಿಯಿತು, ಬಾಗಿಲು ಮುಚ್ಚಿತು. ನಾನು ಅತ್ತ ತಿರುಗಲಿಲ್ಲ. ತಿರುಗಿದ್ದರೆ ಅತ್ತುಬಿಡುತ್ತಿದ್ದೆ.

"ರೈಟ್," ಎಂದರು ಮಾವ.

ಕಾರು ನಮ್ಮ ಹಳೇ ಮೆಷಿನ್ನಿನ ಹಾಗೆ ಒಮ್ಮೆ ಎಗರಿ ನಿಂತಿತು. ಭುಜ ಕುಗ್ಗಿಸಿಕೊಂಡು ಬೈಗುಳಕ್ಕೆ ಕಾದೆ.

"ಇನ್ನೊಂದ್ಸಲ," ಎಂದರು.

ಮತ್ತೆ ಎಗರಿತು, ಮತ್ತೆ ನಿಂತಿತು. ಅದರ ಮುಂದಿನ ಸಲ ಹೊರಟಿತು. ಕಾರ್ಖಾನೆಯ ಗೋಡೆ ಎದುರಿಗೆ ದೊಡ್ಡದಾಗುತ್ತ ಬಂತು. ಪಕ್ಕದಿಂದ ಈಗ ಕೈ ಬರುತ್ತದೆ, ಈಗ ಬರುತ್ತದೆ ಎಂದುಕೊಂಡೆ.

"ಬರ್ಲಿ," ಎಂದರು ಮಾವ. "ಬರ್ಲಿ. ಜಾಗ ಇದೆ. ಹೋಲ್ಡಾನ್."

ಬ್ರೇಕ್ ಒತ್ತಿದೆ. ಗೋಡೆಗೂ ನಮಗೂ ನಡುವೆ ಒಂದು ಬಸ್ ನಿಲ್ಲಿಸುವಷ್ಟು ಜಾಗ ಉಳಿದಿತ್ತು. ಉಸಿರು ಬಿಟ್ಟು ಪಕ್ಕಕ್ಕೆ ನೋಡಿದೆ. ಮಾವನ ಕೈಗಳು ಮೊಣಕಾಲುಗಳ ಮೇಲೆಯೇ ಇದ್ದವು. ಬಲಗಾಲು ಮಾತ್ರ ಮುಂದೆ ಚಾಚಿ, ಅಲ್ಲಿಲ್ಲದ ಬ್ರೇಕನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಅದನ್ನು ನಾನು ನೋಡಿದ್ದು ಅವರಿಗೂ ಗೊತ್ತಾಯಿತು. ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡರು.

"ನಾಳೆ ಡ್ಯೂಟಿ ಎಷ್ಟ್ ಗಂಟೆಗಮ್ಮ?" ಎಂದು ಕೇಳಿ, ವಾಚಿಗೆ ಕೀ ಕೊಡತೊಡಗಿದರು.